ಬಂದೂಕು ಇಳಿದಿದೆ, ಇನ್ನು ನೆಪ ಬೇಡ

2025ರ ಫೆಬ್ರುವರಿ 2ರಂದು ನಕ್ಸಲ್ ಕಾರ್ಯಕರ್ತೆ ತೊಂಬಟ್ಟು ಲಕ್ಷ್ಮಿ ಉಡುಪಿಯಲ್ಲಿ ಶರಣಾದರು. ರಾಜ್ಯ ನಕ್ಸಲ್ ಮುಕ್ತವಾಯಿತೆಂದು ಸರ್ಕಾರ ಹೇಳಿಕೊಂಡಿತು. 2003ರ ನವೆಂಬರ್‌ನ ಈದು ಎನ್‌ಕೌಂಟರ್‌ನಿಂದ 2024ರ ನವೆಂಬರ್‌ನ ಕಬ್ಬಿನಾಲೆ ಎನ್‌ಕೌಂಟರ್ ತನಕ ಎರಡು ದಶಕ ಘಟ್ಟದ ಬುಡದ ಊರುಗಳು ಆತಂಕದಲ್ಲೇ ಬೇಸಾಯ ಮಾಡಿದವು. ಆ ಕಾಲ ಮುಗಿದಿದೆ. ಇನ್ನೂ ಕೃಷಿ, ತೋಟಗಾರಿಕೆ ಇಲಾಖೆಗಳು ಕಾಡಂಚಿನ ರೈತರ ಅಂಗಳ ತಲುಪದಿದ್ದರೆ ಅದು ಕರ್ತವ್ಯಲೋಪ.

ಉಡುಪಿ ಜಿಲ್ಲೆಯ ಅಮಾಸೆಬೈಲು, ಮಡಾಮಕ್ಕಿ, ಹಳ್ಳಿಹೊಳೆ, ಜಡ್ಕಲ್, ಮುದೂರಿನಂಥ ಕಡೆ ಹೋಗಲು ಅಂದು ನೌಕರರು ಅಂಜಿದ್ದರೆ ಅವರನ್ನು ದೂರಲಾಗದು. ಆದರೆ ನಷ್ಟ ಹೊತ್ತವರು ಯಾರು? ಅಡಿಕೆಯ ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಗೊನೆಗೆ ಬಿಡಬೇಕು, 40–45 ದಿನಗಳ ಬಳಿಕ ಮತ್ತೊಮ್ಮೆ. ಮೈಲುತುತ್ತು, ಸುಣ್ಣದ ಹದ ತಪ್ಪಿದರೆ ಮದ್ದು ಬಿಟ್ಟೂ ಫಲವಿಲ್ಲ. ಎಲೆಚುಕ್ಕಿ ರೋಗವನ್ನು ಒಬ್ಬರ ತೋಟದಲ್ಲಿ ತಡೆದರೆ ಸಾಲದು, ಊರೇ ಒಟ್ಟಾಗಿ ಹೋರಾಡಬೇಕು. ಕಾಯಿ ಉದುರಿದ ಮೇಲೆ ಬರುವ ಸಲಹೆ ಯಾರಿಗೆ ಬೇಕು?

ಎಲ್ಲ ತಪ್ಪನ್ನೂ ನಕ್ಸಲರ ತಲೆಗೆ ಕಟ್ಟುವಂತೆಯೂ ಇಲ್ಲ. ಹೆದ್ದಾರಿ ಬದಿಯ ಹೆಮ್ಮಾಡಿಯನ್ನೇ ನೋಡಿ. ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಯನ್ನೇ ನಂಬಿ ಇಲ್ಲಿನವರು ಸೇವಂತಿಗೆ ನೆಡುತ್ತಾರೆ. ಹೂವು ಅರಳುವುದು ಹದಿನೈದು ದಿನ ತಡವಾದರೂ ವರ್ಷದ ದುಡಿಮೆ ಮಣ್ಣುಪಾಲು. ಗಿಡಕ್ಕೆ ರೋಗ ತಗುಲಿದ ವಾರದಲ್ಲೇ ಗದ್ದೆಗಿಳಿದು ನೋಡುವವರು ಬೇಕು. ಇಲ್ಲಿ ಅಡ್ಡ ಬಂದಿರುವುದು ಬೇರೆಯೇ ಅಭದ್ರತೆ: ಸಲಹೆ ಕೊಡಬೇಕಾದವರ ಬದುಕಿನದು. ರೈತ ಅನುವುಗಾರರು ದುಡಿಯುವುದು ಗೌರವಧನಕ್ಕೆ, ಕೃಷಿ ವಿಸ್ತರಣೆಯ ‘ಆತ್ಮ’ ಯೋಜನೆಯ ಸಿಬ್ಬಂದಿ ಗುತ್ತಿಗೆಯ ಮೇಲೆ. ರೈತ ಸಂಪರ್ಕ ಕೇಂದ್ರಗಳಲ್ಲಿ ಇರುವ ಕೆಲವೇ ಮಂದಿಗೆ ಬೀಜ ವಿತರಣೆ, ಬೆಳೆ ಸಮೀಕ್ಷೆ, ದಾಖಲೆ ತಿದ್ದುವುದರಲ್ಲೇ ಹೊತ್ತು ಹೋಗುತ್ತದೆ. ಮುಂದಿನ ವರ್ಷ ತನಗೆ ಕೆಲಸ ಉಂಟೋ ಇಲ್ಲವೋ ಎಂದು ತಿಳಿಯದವರು ರೈತರ ಮುಂದಿನ ಬೆಳೆಗೆ ಹೇಗೆ ಹೊಣೆಯಾದಾರು?

ಬ್ರಹ್ಮಾವರದಲ್ಲಿ ವಲಯ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ನೆರೆ ತಾಳಬಲ್ಲ ಸಹ್ಯಾದ್ರಿ ಪಂಚಮುಖಿ ಭತ್ತ ಅಲ್ಲಿಯ ಕೊಡುಗೆ. ತಿಳಿವಳಿಕೆಗೆ ಕೊರತೆಯಿಲ್ಲ, ಅದನ್ನು ಗದ್ದೆಗೆ ಮುಟ್ಟಿಸುವವರಿಲ್ಲ.

945 ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಕೆಪಿಎಸ್‌ಸಿ ಅರ್ಜಿ ಕರೆದದ್ದು 2024ರಲ್ಲಿ. ಆ ನೇಮಕಾತಿಯಲ್ಲಿ ಮೊದಲ ಪಾಲು ಘಟ್ಟದಂಚಿನ ಹೋಬಳಿಗಳಿಗೆ ಸಿಗಬೇಕು. ಅನುವುಗಾರರಿಗೆ ವರ್ಷಪೂರ್ತಿ ಕೆಲಸ, ತಿಂಗಳು ತಪ್ಪದ ಸಂಬಳ, ವಿಮೆ ಕೊಡಬೇಕು. ಮಳೆಗೆ ಮುನ್ನ ಅಡಿಕೆ ತೋಟಕ್ಕೆ, ಮಳೆಯ ನಂತರ ಸೇವಂತಿಗೆ ಗದ್ದೆಗೆ ಅಧಿಕಾರಿ ಬರುವ ದಿನಾಂಕವನ್ನು ಪಂಚಾಯಿತಿಯಲ್ಲಿ ಮುಂಚಿತವಾಗಿ ಪ್ರಕಟಿಸಬೇಕು. ಬಾರದಿದ್ದರೆ ಗ್ರಾಮಸಭೆಯಲ್ಲಿ ಉತ್ತರ ಕೊಡಬೇಕು. ಶರಣಾದವರಿಗೆ ಪುನರ್ವಸತಿ ಪ್ಯಾಕೇಜ್ ಕೊಟ್ಟ ಸರ್ಕಾರ, ಭಯದ ನಡುವೆಯೂ ಮಣ್ಣು ಬಿಡದ ರೈತರಿಗೆ ಇಷ್ಟನ್ನಾದರೂ ಕೊಡಲೇಬೇಕು.