ಜ್ವರಕ್ಕೆ ಹೆಸರು ಹೇಳುವ ಬೆಳಕು

ಮಳೆಗಾಲ ಕಾಲಿಟ್ಟಿತೆಂದರೆ ಕೋಲ್ಕತಾದ ಬೆಹಾಲಾದಲ್ಲಿ ಬೀದಿಗಳಲ್ಲಿ ನೀರು ನಿಲ್ಲುತ್ತದೆ; ಅದರ ಬೆನ್ನಿಗೇ ಡೆಂಗೆಯ ಭೀತಿ ಮನೆಮನೆಯನ್ನು ಹೊಗುತ್ತದೆ. ಜ್ವರದಲ್ಲಿ ಮಲಗಿದ ಮಗುವಿನ ಪಕ್ಕ ಕುಳಿತ ತಾಯಿಯ ಪ್ರಶ್ನೆ ಒಂದೇ: ಇದು ಯಾವ ಜ್ವರ? ಉತ್ತರ ತಡವಾದರೆ ತೆರಬೇಕಾದ ಬೆಲೆಯನ್ನು ಬಂಗಾಳ ಬಲ್ಲದು.

2001ರ ಆರಂಭದಲ್ಲಿ ಸಿಲಿಗುರಿಯಲ್ಲಿ ಹೆಸರರಿಯದ ಜ್ವರವೊಂದು ಹಬ್ಬಿತು. 66 ಮಂದಿಗೆ ತಗುಲಿ, 45 ಮಂದಿ ಅಸುನೀಗಿದರು. ಸೋಂಕಿತರಲ್ಲಿ ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿ ಮತ್ತು ರೋಗಿಗಳನ್ನು ಕಾಣಲು ಬಂದವರು. ಅದು ನಿಪಾ ವೈರಾಣುವಿನ ಕೃತ್ಯವೆಂಬ ವರದಿ ಪ್ರಕಟವಾದದ್ದು 2006ರಲ್ಲಿ.

ಈ ವಿಳಂಬವನ್ನು ತಗ್ಗಿಸುವ ಸಾಧನವೊಂದು ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡಿದೆಯೆಂಬುದು ಹೆಮ್ಮೆಯ ಸಂಗತಿ. ಬಿಗ್‌ಟೆಕ್ ಪ್ರಯೋಗಾಲಯ ರೂಪಿಸಿದ, ಗೋವಾದ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಬ್ಯಾಟರಿಯಿಂದಲೇ ನಡೆಯುವ ಪುಟ್ಟ ಯಂತ್ರ. ರೋಗಿಯ ಮಾದರಿಯಿಂದ ಬೇರ್ಪಡಿಸಿದ ವಂಶದ್ರವ್ಯವನ್ನು ಸಣ್ಣದೊಂದು ಚಿಪ್ಪಿನ ಮೇಲೆ ಹಾಕಿದರೆ, ಯಂತ್ರ ಅದನ್ನು ಮತ್ತೆಮತ್ತೆ ಕಾಯಿಸಿ ತಣಿಸುತ್ತದೆ. ರೋಗಾಣುವಿನ ಅಂಶವಿದ್ದರೆ ಅದು ದ್ವಿಗುಣಿಸುತ್ತ ಹೋಗುತ್ತದೆ. ಜೊತೆಗೆ ಸೇರಿಸಿದ ಬಣ್ಣ ಮಿನುಗತೊಡಗುತ್ತದೆ. ಆ ಬೆಳಕನ್ನು ಅಳೆದು, ಸುಮಾರು ಒಂದು ತಾಸಿನಲ್ಲಿ ಫಲಿತಾಂಶ ನೀಡುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯರೋಗ ಪತ್ತೆಗೆ ಇದನ್ನು ಅನುಮೋದಿಸಿತು. ಅದೇ ವರ್ಷ ಕೋವಿಡ್ ಪರೀಕ್ಷೆಗೂ ಬಳಕೆಯಾಯಿತು. 2023ರಲ್ಲಿ ಕೇರಳದಲ್ಲಿ ನಿಪಾ ತಲೆಯೆತ್ತಿದಾಗ ಇದೇ ಯಂತ್ರದಲ್ಲಿ ಅದರ ಪರೀಕ್ಷೆ ನಡೆಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅನುಮತಿಯಿತ್ತಿತು. ಸಿಲಿಗುರಿಗೆ ಇಲ್ಲದ ಭಾಗ್ಯವಿದು.

ಆದರೆ ವೇಗವೊಂದೇ ಸಾಲದು. ಡೆಂಗೆಯನ್ನೇ ನೋಡೋಣ. ಬೆಹಾಲಾದ ಮನೆಗಳಿಗೆ ಪರಿಚಿತವಾದ ಎನ್‌ಎಸ್‌1 ಪಟ್ಟಿ ನಿಮಿಷಗಳಲ್ಲಿ ಗೆರೆ ಮೂಡಿಸುತ್ತದೆ, ನಿಜ. ಆದರೆ ಗೆರೆ ಮೂಡದಿದ್ದರೆ ಡೆಂಗೆ ಇಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ. ಜ್ವರದ ಐದಾರು ದಿನಗಳ ಬಳಿಕ ರಕ್ತದಲ್ಲಿ ಎನ್‌ಎಸ್‌1 ಕುಗ್ಗುತ್ತದೆ. ಆಗ ಐಜಿಎಂ ಪ್ರತಿಕಾಯವನ್ನು ಹುಡುಕಬೇಕಾಗುತ್ತದೆ. ಸರಕಾರದ ಡೆಂಗೆ ನಿಯಂತ್ರಣ ಕಾರ್ಯಕ್ರಮವೂ ದೃಢೀಕರಣಕ್ಕೆ ನೆಚ್ಚಿರುವುದು ಪ್ರಯೋಗಾಲಯದ ಎಲೈಸಾ ಪರೀಕ್ಷೆಯನ್ನು. ಅಲ್ಲಿಯೂ ಯಂತ್ರ ಓದುವುದು ಬಣ್ಣದ ಗಾಢತೆಯನ್ನೇ. ಆದರೆ ಆ ಯಂತ್ರವನ್ನು ಹೆಗಲಿಗೇರಿಸಿ ಬೀದಿಗೆ ಒಯ್ಯಲಾಗದು.

ಆದ್ದರಿಂದ ಇಂಥ ಸಾಧನಗಳು ದೊಡ್ಡ ಆಸ್ಪತ್ರೆಗಳ ಅಲಂಕಾರವಾಗದೆ ವಾರ್ಡಿನ ಆರೋಗ್ಯ ಕೇಂದ್ರಗಳನ್ನು ತಲುಪಬೇಕು. ಚಿಪ್ಪುಗಳ ಪೂರೈಕೆ ತಪ್ಪಬಾರದು. ತರಬೇತಿ ಪಡೆದ ಕೈಗಳಿರಬೇಕು. ಫಲಿತಾಂಶ ಅಂದೇ ಪಾಲಿಕೆಗೆ ತಲುಪಿ, ಸೊಳ್ಳೆ ಹುಟ್ಟುವ ನೀರು ಖಾಲಿಯಾಗಬೇಕು. ಇನ್ನು ನಮ್ಮ ಪಾಲಿನ ಹೊಣೆ: ಜ್ವರ ಬಂದರೆ ಎರಡು ದಿನ ಕಾದು ನೋಡೋಣವೆನ್ನದೆ ವೈದ್ಯರಲ್ಲಿಗೆ ಹೋಗುವುದು. ಯಂತ್ರ ಉಳಿಸಿಕೊಡುವ ಸಮಯವನ್ನು ನಾವೇ ಕಳೆದರೆ ಬೆಳಕಿದ್ದೂ ಕತ್ತಲೆಯೇ.