ಲಕೋಟೆ ಒಡೆಯಿರಿ, ಬಾಗಿಲು ತೆರೆಯಬೇಡಿ!



ಈ ಸಲ ಬೇರೆ ಏನೋ ಬರೆಯಬೇಕೆಂದು ಕೂತಿದ್ದೆ. ಆದರೆ ಹೋದ ವಾರ ನಮ್ಮ ಪ್ರೆಸ್ಸಿಗೆ ಹುಡುಗನೊಬ್ಬ ವೀಸಾ ಕಾಗದಗಳ ಜೆರಾಕ್ಸ್ ಮಾಡಿಸಲು ಬಂದ. ಎಂಎಸ್‌ಸಿ ಓದಲು ಇಂಗ್ಲೆಂಡಿಗೆ ಹೊರಟಿದ್ದಾನೆ. ಫೀಸು ಗೊತ್ತು, ಬಾಡಿಗೆ ಗೊತ್ತು, ಅಕ್ಕಿ ಬೇಳೆ ಎಲ್ಲಿ ಸಿಗುತ್ತದೆ ಅನ್ನುವುದೂ ಗೊತ್ತು. "ಕೌನ್ಸಿಲ್ ಟ್ಯಾಕ್ಸ್ ಗೊತ್ತೇನಪ್ಪಾ?" ಅಂದೆ. "ಅದು ಮನೆ ಓನರ್ ಕಟ್ಟೋದಲ್ವಾ ಅಣ್ಣ?" ಅಂದ.

ಎದೆ ಧಸಕ್ಕೆಂದಿತು. ನನ್ನ ಅಕ್ಕನ ಮಗನೂ ಹೀಗೇ ಅಂದುಕೊಂಡು ಹೋಗಿದ್ದ. ಆಮೇಲೆ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

2023ರ ಡಿಸೆಂಬರ್. ರಾತ್ರಿ ಫೋನ್ ಬಂತು. ಹುಡುಗ ಪಿಸುಗುಟ್ಟುತ್ತಿದ್ದ. "ಮಾಮ, ಬಾಗಿಲ ಹತ್ರ ಯಾರೋ ನಿಂತಿದ್ದಾರೆ. ಬೇಲಿಫ್ ಅಂತೆ. ಸಾಮಾನು ಎತ್ಕೊಂಡು ಹೋಗ್ತೀವಿ ಅಂತಿದ್ದಾರೆ. ನಾನು ಲೈಟ್ ಆರಿಸಿ ಕೂತಿದ್ದೀನಿ. ಅಪ್ಪಂಗೆ ಹೇಳ್ಬೇಡ ಮಾಮ."

ಎಂಜಿನಿಯರಿಂಗ್ ಮುಗಿಸಿದ ಹುಡುಗ. ಕಳ್ಳತನ ಮಾಡಿಲ್ಲ, ಮೋಸ ಮಾಡಿಲ್ಲ. ಕತ್ತಲಲ್ಲಿ ಮುದುಡಿ ಕೂತಿದ್ದಾನೆ! ಫ್ರಿಜ್ ಮೇಲೆ ಐದು ಲಕೋಟೆಗಳಿದ್ದವು. ಒಂದನ್ನೂ ಒಡೆದಿರಲಿಲ್ಲ.

ಬಾಡಿಗೆದಾರನೇ ಕಟ್ಟಬೇಕು

ನಮ್ಮಲ್ಲಿ ಮನೆ ಕಂದಾಯ ಕಟ್ಟುವವನು ಮನೆ ಮಾಲೀಕ. ಬಾಡಿಗೆಗೆ ಇರುವವನು ಆ ರಶೀದಿಯನ್ನು ಕಣ್ಣಲ್ಲೂ ಕಂಡಿರುವುದಿಲ್ಲ. ಅಲ್ಲಿ ತಿರುಗುಮುರುಗು. ಮನೆಯಲ್ಲಿ ವಾಸ ಇರುವವನೇ ಕಟ್ಟಬೇಕು. ನಮ್ಮ ಹುಡುಗರು ಎಡವುವುದು ಇಲ್ಲೇ.

ಕೌನ್ಸಿಲ್ ಎಂದರೆ ಅಲ್ಲಿಯ ನಗರಸಭೆ. ಲಂಡನ್ನಿನಲ್ಲಿ ಥೇಮ್ಸ್ ನದಿ ದಡದ ಮೇಲೆ 2015ರಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತಲ್ಲ, ಆ ಲ್ಯಾಂಬೆತ್ ಕೂಡ ಅಂಥ ಒಂದು ಕೌನ್ಸಿಲ್. ಕಸ ಎತ್ತುವುದು, ಲೈಬ್ರರಿ, ವಯಸ್ಸಾದವರ ಆರೈಕೆ ಇವಕ್ಕೆಲ್ಲ ಈ ಹಣವೂ ಸೇರುತ್ತದೆ.

ಈ ತೆರಿಗೆಗೂ ಒಂದು ಕತೆಯಿದೆ. ಮಾರ್ಗರೆಟ್ ಥ್ಯಾಚರ್ ಸರ್ಕಾರ 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಲೆಗಂದಾಯ ತಂದಿತು. ಅರಮನೆಯವನಿಗೂ ಗುಡಿಸಲವನಿಗೂ ಹೆಚ್ಚುಕಡಿಮೆ ಒಂದೇ ದರ. ಜನ ಬೀದಿಗಿಳಿದರು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆಯೇ ಆಯಿತು. ಲಕ್ಷಾಂತರ ಜನ ಕಟ್ಟಲೇ ಇಲ್ಲ. ಕೊನೆಗೆ ಸರ್ಕಾರ ಮಣಿದು, 1993ರಲ್ಲಿ ಅದರ ಜಾಗಕ್ಕೆ ಕೌನ್ಸಿಲ್ ಟ್ಯಾಕ್ಸ್ ತಂದಿತು. ಇಂಗ್ಲೆಂಡಿನಲ್ಲಿ ಮನೆಗಳನ್ನು ಎ ಇಂದ ಎಚ್‌ವರೆಗೆ ಎಂಟು ವರ್ಗ ಮಾಡಿದ್ದಾರೆ. 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆಯಿತ್ತೋ ಅದರ ಮೇಲೆ ವರ್ಗ. ನೀವು ಹುಟ್ಟುವ ಮುಂಚಿನ ಬೆಲೆ, ಕಟ್ಟುವವರು ನೀವು!

ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಇದರಿಂದ ವಿನಾಯಿತಿ ಇದೆ. ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಒಂದು ಪೌಂಡೂ ಇಲ್ಲ. ಆದರೆ ವಿಶ್ವವಿದ್ಯಾಲಯದ ಸರ್ಟಿಫಿಕೇಟನ್ನು ನೀವು ಕೌನ್ಸಿಲ್‌ಗೆ ತಲುಪಿಸಬೇಕು. ಕೋರ್ಸ್ ಮುಗಿದ ದಿನ ವಿನಾಯಿತಿಯೂ ಮುಗಿಯಿತು. ವೀಸಾ ಇನ್ನೂ ಇದೆ, ಕೆಲಸ ಹುಡುಕುತ್ತಿದ್ದೇನೆ ಎಂದರೆ ಕೇಳುವುದಿಲ್ಲ. ನಮ್ಮ ಹುಡುಗನ ಕೋರ್ಸ್ ಮುಗಿಯಿತು. ಜೊತೆಗಿದ್ದ ಇಬ್ಬರು ಇನ್ನೂ ವಿದ್ಯಾರ್ಥಿಗಳು. ಇವನು ಗೋದಾಮಿನಲ್ಲಿ ರಾತ್ರಿಪಾಳಿ ಹಿಡಿದ. ಬಿಲ್ಲು ಇವನೊಬ್ಬನ ಹೆಸರಿಗೇ ಬಂತು.

640 ಹೇಗೆ 1,040 ಆಯಿತು?

ಮೂಲ ಬಾಕಿ 640 ಪೌಂಡ್. ಬಾಗಿಲಿಗೆ ಬಂದವನು ಕೇಳಿದ್ದು 1,040. ಲೆಕ್ಕ ನೋಡಿ.

1992ರ ನಿಯಮಗಳ ಪ್ರಕಾರ ಒಂದು ಕಂತು ತಪ್ಪಿದರೆ ಜ್ಞಾಪನ ಪತ್ರ ಬರುತ್ತದೆ. ಏಳು ದಿನದೊಳಗೆ ಕಟ್ಟಬೇಕು. ಕಟ್ಟದಿದ್ದರೆ, ಮತ್ತೆ ಏಳು ದಿನ ಕಳೆದ ಮೇಲೆ ಕಂತಿನ ಹಕ್ಕೇ ಹೋಯಿತು. ಆ ವರ್ಷದ ಬಾಕಿಯೆಲ್ಲ ಒಟ್ಟಿಗೇ ಕೊಡಬೇಕು. ತಿಂಗಳಿಗೆ ಸ್ವಲ್ಪ ಸ್ವಲ್ಪ ಕಟ್ಟಲಾರದವನು ಒಂದೇ ಸಲ ಎಲ್ಲ ಕಟ್ಟುತ್ತಾನಂತೆ! ಯಾವ ಊರಿನ ನ್ಯಾಯ ಸ್ವಾಮಿ ಇದು?

ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್. ಅಲ್ಲಿ ಲಯಬಿಲಿಟಿ ಆರ್ಡರ್ ಎಂಬ ಆದೇಶ ಹೊರಡುತ್ತದೆ. ಎಂದರೆ, "ಈ ಬಾಕಿ ಇವನದೇ" ಎಂಬ ಮೊಹರು. ಕೋರ್ಟ್ ಖರ್ಚೆಂದು ನಮ್ಮ ಹುಡುಗನ ಮೇಲೆ 90 ಪೌಂಡ್ ಬಿತ್ತು. ಆಯಿತು 730. ಈ ಆದೇಶ ಕೈಗೆ ಸಿಕ್ಕರೆ ಕೌನ್ಸಿಲ್ ಸಂಬಳದಲ್ಲಿ ಹಿಡಿಸಬಹುದು, ಇಲ್ಲವೇ ಬೇಲಿಫ್‌ಗೆ ವಹಿಸಬಹುದು.

ನಮ್ಮ ಕೋರ್ಟಿನ ಅಮೀನ ಸರ್ಕಾರಿ ನೌಕರ. ಜಪ್ತಿಗೆ ಬಂದರೂ ಬಾರದಿದ್ದರೂ ಅವನ ಸಂಬಳ ಅವನಿಗೆ. ಅಲ್ಲಿ ಕೌನ್ಸಿಲ್ ಟ್ಯಾಕ್ಸ್ ವಸೂಲಿಗೆ ಬರುವವನು ಸಾಮಾನ್ಯವಾಗಿ ಖಾಸಗಿ ಕಂಪನಿಯವನು. 2014ರಲ್ಲಿ ಅವನಿಗೆ ಕಾನೂನೇ ಶುಲ್ಕ ಗೊತ್ತು ಮಾಡಿತು. ಕಡತ ಕೈಗೆ ಬಂದ ಕೂಡಲೇ 75 ಪೌಂಡ್. ಮನೆಗೆ ಕಾಲಿಟ್ಟ ಕೂಡಲೇ 235 ಪೌಂಡ್. ಸಾಲ 1,500 ಪೌಂಡ್ ದಾಟಿದರೆ ದಾಟಿದ ಹಣದ ಮೇಲೆ ಶೇಕಡಾ ಏಳೂವರೆ ಬೇರೆ. ಸಾಮಾನು ಹರಾಜಿಗೆ ಹೋದರೆ ಮತ್ತೆ 110. ಎಲ್ಲವೂ ಸಾಲಗಾರನ ತಲೆಯ ಮೇಲೆ. 730ಕ್ಕೆ 75, ಅದಕ್ಕೆ 235. ಕೂಡಿ ನೋಡಿ: 1,040.

ಇದರಲ್ಲಿರುವ ಗುಟ್ಟನ್ನು ಗಮನಿಸಿ. 75ಕ್ಕೂ 235ಕ್ಕೂ ನಡುವೆ ಒಂದು ಕಾಗದ ಬರುತ್ತದೆ. "ಇಂಥ ದಿನದೊಳಗೆ ಕಟ್ಟು, ಇಲ್ಲವೇ ಬರುತ್ತೇವೆ" ಎಂಬ ನೋಟೀಸು. ಭಾನುವಾರ, ರಜಾದಿನ ಬಿಟ್ಟು ಏಳು ಪೂರ್ತಿ ದಿನ ಕೊಡಬೇಕು. ಆ ಏಳು ದಿನದಲ್ಲಿ ಮಾತಾಡಿ ಕಂತು ಒಪ್ಪಿಸಿಕೊಂಡಿದ್ದರೆ 235 ಬೀಳುತ್ತಲೇ ಇರಲಿಲ್ಲ. ಆ ಕಾಗದ ಫ್ರಿಜ್ ಮೇಲಿತ್ತು.

ನಮ್ಮಪ್ಪನ ಡ್ರಾಯರ್

ನಾನು ಆ ಹುಡುಗನನ್ನು ಬಯ್ಯಲಿಲ್ಲ. ಬಯ್ಯುವ ಬಾಯಿ ನನಗಿಲ್ಲ. ನಾನು ಪಿಯುಸಿ ಓದುವಾಗ ನಮ್ಮಪ್ಪನ ಟ್ರೆಡಲ್ ಪ್ರೆಸ್ಸಿಗೆ ಅಮೀನ ಬಂದಿದ್ದ. ಕಾಗದದ ವ್ಯಾಪಾರಿಯ ಬಾಕಿ. ರಸ್ತೆ ತುಂಬ ಜನ. ಪೇಪರ್ ರೀಮುಗಳನ್ನೂ ಸ್ಟೀಲ್ ಬೀರುವನ್ನೂ ಗಾಡಿಗೆ ಹೇರಿದರು. ಅಪ್ಪ ಒಳಗಡೆ ಮೊಳೆ ಕೇಸಿನ ಹಿಂದೆ ತಲೆ ತಗ್ಗಿಸಿ ಕೂತಿದ್ದರು. ಸಂಜೆ ಡ್ರಾಯರ್ ಎಳೆದರೆ ಮೂರು ನೋಟೀಸು, ಮೂರೂ ಇಂಗ್ಲಿಷಿನಲ್ಲಿ, ಮೂರೂ ಮುಚ್ಚಿದ ಲಕೋಟೆಯಲ್ಲೇ ಇದ್ದವು. ಕೋರ್ಟಿಗೆ ಹೋಗಿ ಕೇಳಿದ್ದರೆ ಕಂತು ಸಿಗುತ್ತಿತ್ತು ಎಂದು ವಕೀಲರು ಆಮೇಲೆ ಹೇಳಿದರು. ಅಕ್ಷರ ಜೋಡಿಸುವುದೇ ನಮ್ಮ ಕಸುಬು. ಆದರೂ ಆ ಮೂರು ಕಾಗದವನ್ನು ನಾವು ಓದಲಿಲ್ಲ.

ಯಾಕೆ? ಸೋಮಾರಿತನವಲ್ಲ. ಮರ್ಯಾದೆ! ಸಾಲದ ಕಾಗದ ಮುಟ್ಟಿದರೆ ಕೈ ನಡುಗುತ್ತದೆ. ನಾಲ್ಕು ಜನಕ್ಕೆ ಗೊತ್ತಾದರೆ? ಅಪ್ಪ ಅಮ್ಮನಿಗೆ ಗೊತ್ತಾದರೆ? ಊರಲ್ಲಿ "ಫಾರಿನ್‌ನಲ್ಲಿದ್ದಾನೆ" ಎಂದು ಹೇಳಿಕೊಂಡು ಓಡಾಡುತ್ತಿದ್ದಾರಲ್ಲ! ಈ ಭಯವೇ ವಸೂಲಿಗಾರನ ಬಂಡವಾಳ. ಅವನ ಬಳಿ ಇರುವ ಅಧಿಕಾರ ಕಡಿಮೆ. ನಾವು ಊಹಿಸಿಕೊಂಡು ಅವನಿಗೆ ಕೊಡುವ ಅಧಿಕಾರ ಹೆಚ್ಚು.

ಅವನು ಏನು ಮಾಡಬಲ್ಲ, ಏನು ಮಾಡಲಾರ

ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ಇದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾತು. 2007ರ ಕಾಯ್ದೆ, 2013ರ ನಿಯಮಗಳು, 2014ರ ಏಪ್ರಿಲ್ 6ರಿಂದ ಜಾರಿ. ಸ್ಕಾಟ್ಲೆಂಡಿನ ಕಾನೂನು ಬೇರೆ.

ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಮೊದಲ ಸಲ ಬಂದ ಬೇಲಿಫ್ ಬಾಗಿಲು ಒಡೆಯುವಂತಿಲ್ಲ. ನಿಮ್ಮನ್ನು ತಳ್ಳಿಕೊಂಡು ನುಗ್ಗುವಂತಿಲ್ಲ. ಕಿಟಕಿ ಹತ್ತುವಂತಿಲ್ಲ. ಆದರೆ ಚಿಲಕ ಹಾಕದ ಬಾಗಿಲನ್ನು ತಳ್ಳಿ ಬರಬಹುದು. ಆದ್ದರಿಂದ ಚಿಲಕ ಹಾಕಿ. ಬಾಗಿಲು ಮುಚ್ಚಿಯೇ ಮಾತಾಡಿ. ಗುರುತಿನ ಚೀಟಿ, ಕೋರ್ಟಿನ ಸರ್ಟಿಫಿಕೇಟನ್ನು ಕಾಗದ ಹಾಕುವ ಕಿಂಡಿಯಲ್ಲಿ ತೋರಿಸಲು ಹೇಳಿ.

ಬೆಳಿಗ್ಗೆ 6ಕ್ಕೆ ಮುಂಚೆ, ರಾತ್ರಿ 9ರ ನಂತರ ಮನೆಗೆ ಬರುವಂತಿಲ್ಲ. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳು ಮಾತ್ರ ಇದ್ದರೆ ಒಳಗೆ ಕಾಲಿಡುವಂತಿಲ್ಲ.

ಒಂದು ಸಲ ನೀವಾಗಿ ಒಳಗೆ ಬಿಟ್ಟಿರೋ, ಆಟ ಬದಲಾಯಿತು. ಸಾಮಾನು ಪಟ್ಟಿ ಮಾಡಿ ನಿಮ್ಮ ಸಹಿ ಹಾಕಿಸುತ್ತಾನೆ. ಆ ಒಪ್ಪಂದ ತಪ್ಪಿದರೆ, ನೋಟೀಸು ಕೊಟ್ಟು ಮತ್ತೆ ಬಂದಾಗ ಬಲ ಬಳಸುವ ಅವಕಾಶ ಅವನಿಗಿದೆ. ಅದಕ್ಕೇ ಹೇಳಿದ್ದು, "ಒಂದು ನಿಮಿಷ ಒಳಗೆ ಬರಲಾ?" ಎಂದು ಎಷ್ಟೇ ನಯವಾಗಿ ಕೇಳಿದರೂ "ಬೇಡ" ಎನ್ನಿ.

ಬಟ್ಟೆ, ಹಾಸಿಗೆ, ಒಲೆ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಮೊಬೈಲ್ ಮುಟ್ಟುವಂತಿಲ್ಲ. ದುಡಿಮೆಗೆ ಅಥವಾ ಓದಿಗೆ ಬೇಕಾದ ಉಪಕರಣ, ಕಂಪ್ಯೂಟರ್, ಪುಸ್ತಕಗಳಿಗೂ ಒಟ್ಟು 1,350 ಪೌಂಡ್‌ವರೆಗೆ ರಕ್ಷಣೆ ಇದೆ. ಜೊತೆಯಲ್ಲಿರುವ ಗೆಳೆಯನ ಟಿವಿಯನ್ನು ನಿಮ್ಮ ಸಾಲಕ್ಕೆ ಒಯ್ಯುವಂತಿಲ್ಲ. ಆದರೆ ಹೊರಗೆ ನಿಂತ ನಿಮ್ಮ ಕಾರಿನ ಮೇಲೆ ಅವನ ಕಣ್ಣಿರುತ್ತದೆ.

"ಪೊಲೀಸ್ ಕರೆಸ್ತೀನಿ, ಜೈಲಿಗೆ ಹಾಕಿಸ್ತೀನಿ" ಅಂದರೆ? ಈ ಬಾಕಿ ಅಪರಾಧವಲ್ಲ. ಲಯಬಿಲಿಟಿ ಆರ್ಡರ್ ಶಿಕ್ಷೆಯಲ್ಲ. ಪೊಲೀಸರು ಬಂದರೂ ಜಗಳ ಆಗದಂತೆ ನೋಡುವುದಷ್ಟೇ ಅವರ ಕೆಲಸ. ಬೇಕೆಂದೇ ಕಟ್ಟದವರಿಗೆ ಮೂರು ತಿಂಗಳವರೆಗೆ ಜೈಲು ಎಂದು 1992ರ ನಿಯಮಗಳಲ್ಲಿ ಬರೆದದ್ದು ನಿಜ. ವೇಲ್ಸ್ ಅದನ್ನು 2019ರಲ್ಲಿ ತೆಗೆದುಹಾಕಿತು. ಆದರೆ ಅದನ್ನು ತೀರ್ಮಾನಿಸಬೇಕಾದವರು ವಿಚಾರಣೆ ಮಾಡಿದ ಮ್ಯಾಜಿಸ್ಟ್ರೇಟರು. ಬಾಗಿಲಲ್ಲಿ ನಿಂತವನಲ್ಲ.

ಏನು ಮಾಡಬೇಕು?

ನಾವು ಮಾಡಿದ್ದು ಇಷ್ಟು. ಫೋನಿನಲ್ಲೇ ಕೂತು, ಐದೂ ಲಕೋಟೆ ಒಡೆಸಿ ಒಂದೊಂದಾಗಿ ಓದಿಸಿದೆ. ಅರ್ಧ ಅವನಿಗೆ ಅರ್ಥವಾಗಲಿಲ್ಲ, ಮುಕ್ಕಾಲು ನನಗೆ ಅರ್ಥವಾಗಲಿಲ್ಲ. ಕೋರ್ಟಿನ ಇಂಗ್ಲಿಷ್ ಕಾಲೇಜಿನಲ್ಲಿ ಕಲಿಸುವ ಇಂಗ್ಲಿಷ್ ಅಲ್ಲ ಗೆಳೆಯರೇ. ಮರುದಿನ ಸಿಟಿಜನ್ಸ್ ಅಡ್ವೈಸ್ ಕಚೇರಿಗೆ ಹೋದ. ಅಲ್ಲಿ ಸಲಹೆ ಉಚಿತ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್ ಕೂಡ ಕಾಸು ಕೇಳುವುದಿಲ್ಲ. ಸಾಲ ತೀರಿಸಿಕೊಡುತ್ತೇವೆಂದು ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಅಲ್ಲಿ ಹೇಳಿದ ಮೊದಲ ಮಾತೇ ಇವನ ಕಣ್ಣು ತೆರೆಸಿತು. ವಿದ್ಯಾರ್ಥಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಆ ಮನೆಯಲ್ಲಿ ಲೆಕ್ಕಕ್ಕೆ ಸಿಗುವವನು ಇವನೊಬ್ಬನೇ. ಒಬ್ಬನೇ ಆದರೆ ಶೇಕಡಾ 25 ರಿಯಾಯಿತಿ. ಅರ್ಜಿಯನ್ನೇ ಹಾಕಿರಲಿಲ್ಲ! ಹಾಕಿದ ಮೇಲೆ 640 ಹೋಗಿ 480 ಆಯಿತು. ಇದಕ್ಕೆ ವೀಸಾ ಭಯ ಬೇಡ. ಬಡವರಿಗೆಂದು ಇರುವ ಕೌನ್ಸಿಲ್ ಟ್ಯಾಕ್ಸ್ ಕಡಿತ ಬೇರೆ. ಅದು ಸರ್ಕಾರಿ ನೆರವಿನ ಲೆಕ್ಕಕ್ಕೆ ಬರುತ್ತದೆ, ನಮ್ಮವರ ವೀಸಾದಲ್ಲಿ ಸಾಮಾನ್ಯವಾಗಿ ಅದಕ್ಕೆ ತಡೆ ಇರುತ್ತದೆ. ಒಂಟಿ ವಾಸದ ರಿಯಾಯಿತಿ, ವಿದ್ಯಾರ್ಥಿ ವಿನಾಯಿತಿ ಆ ಲೆಕ್ಕಕ್ಕೆ ಬರುವುದಿಲ್ಲ. ಈ ಎರಡನ್ನು ಗೊಂದಲ ಮಾಡಿಕೊಂಡು ಸುಮ್ಮನಾಗಬೇಡಿ.

ಸಾಲ ತಲೆಯ ಮೇಲಾಗಿ ಹೋಗಿದ್ದರೆ 2021ರ ಮೇ ತಿಂಗಳಿಂದ "ಬ್ರೀದಿಂಗ್ ಸ್ಪೇಸ್" ಎಂಬ ವ್ಯವಸ್ಥೆಯಿದೆ. ಸಲಹೆಗಾರರ ಮೂಲಕ ಅರ್ಜಿ ಹಾಕಿ ಒಪ್ಪಿಗೆಯಾದರೆ 60 ದಿನ ಬೇಲಿಫ್ ಬರುವಂತಿಲ್ಲ. ಬೇಲಿಫ್ ಮಿತಿ ಮೀರಿದರೆ ಕೌನ್ಸಿಲ್‌ಗೇ ದೂರು ಕೊಡಿ. ಅವನನ್ನು ಕಳಿಸಿದವರು ಅವರು, ಜವಾಬ್ದಾರಿಯೂ ಅವರದೇ. ಅಲ್ಲೂ ಕೇಳದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ. ಪ್ರತಿ ಮಾತನ್ನೂ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ.

ಕೊನೆಗೆ ನಮ್ಮ ಹುಡುಗ ಕಟ್ಟಿದ್ದೆಷ್ಟು? 480 ತೆರಿಗೆ, 90 ಕೋರ್ಟ್ ಖರ್ಚು, 310 ಬೇಲಿಫ್ ಶುಲ್ಕ. 880 ಪೌಂಡ್, ತಿಂಗಳಿಗೆ 110ರಂತೆ ಎಂಟು ಕಂತು. ತೆರಿಗೆ ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಆ ಊರಿನ ನೀರು ಕುಡಿದು, ಆ ಊರಿನ ದೀಪದಲ್ಲಿ ನಡೆದ ಮೇಲೆ ನ್ಯಾಯವಾದದ್ದನ್ನು ಕೊಡಬೇಕು. ಹೊಟ್ಟೆ ಉರಿಯುವುದು ಆ 400ಕ್ಕೆ. ಲಕೋಟೆ ಒಡೆಯದ್ದಕ್ಕೆ ತೆತ್ತ ದಂಡ ಅದು.

ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಎಷ್ಟೋ ಜನ ನಾಳೆ ವಿಮಾನ ಹತ್ತುವವರು. ಏಜೆಂಟ್ ಇದನ್ನು ಹೇಳುವುದಿಲ್ಲ, ಅವನ ಕಮಿಷನ್ ಅಷ್ಟಕ್ಕೆ ಮುಗಿಯಿತು. ಮೊದಲು ಹೋದವರೂ ಹೇಳುವುದಿಲ್ಲ, ಅವರಿಗೂ ಮರ್ಯಾದೆ ಅಡ್ಡ ಬರುತ್ತದೆ. ನಮ್ಮವರಿಗೆ ನಮ್ಮ ಮಾತಿನಲ್ಲಿ ನಾವೇ ಹೇಳಿಕೊಳ್ಳಬೇಕು. ಹೊರಡುವ ಗೆಳೆಯ ಇದ್ದರೆ ಈ ಪುಟವನ್ನು ಅವನ ಸೂಟ್‌ಕೇಸಿಗೆ ಹಾಕಿ.

ಹೊರಡುವ ಮಕ್ಕಳ ಅಪ್ಪ ಅಮ್ಮನಿಗೂ ಒಂದು ಮಾತು. "ಕಷ್ಟ ಬಂದರೆ ಮೊದಲು ನಮಗೇ ಹೇಳು, ಬಯ್ಯುವುದಿಲ್ಲ" ಎಂದು ಏರ್‌ಪೋರ್ಟಿನಲ್ಲಿ ಹೇಳಿ ಕಳಿಸಿ. ನಮ್ಮ ಹುಡುಗ ನನಗೆ ಫೋನ್ ಮಾಡಿದ. ಮಾಡದೇ ಇದ್ದಿದ್ದರೆ?