ಧ್ವನಿಯಂತ್ರವೂ ಕಾಲದ ಮಿತವ್ಯಯವೂ

ಕಾವ್ಯವನ್ನು ಕಣ್ಣಿನಿಂದ ಓದುವುದಕ್ಕೆ ಮುನ್ನ ಕಿವಿಯಿಂದ ಸವಿಯಬೇಕೆಂಬುದು ಗಮಕ ಪರಂಪರೆಯ ಮತ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಲಯವು ವಾಚನದಲ್ಲಿಯೇ ವೇದ್ಯವಾಗತಕ್ಕದ್ದು. ಕೊಡವ ತಕ್ಕ್, ಮಲಯಾಳ, ತಮಿಳು ಮೊದಲಾದವು ಮನೆಮಾತಾಗಿರುವ ಮಕ್ಕಳು ಕೂಡಿ ಕಲಿಯುವ ಅಮ್ಮತ್ತಿಯಂಥ ಊರಿನಲ್ಲಿ ಈ ಶ್ರವಣಶಿಕ್ಷಣಕ್ಕೆ ಇಮ್ಮಡಿ ಬೆಲೆಯುಂಟು. ಅದಕ್ಕೆ ಇಂದು ಒದಗುವ ಅಗ್ಗದ ಸಾಧನವೆಂದರೆ, 2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಮತ್ತು ಅಂಥವೇ ಆದ, ಒಂದೇ ಹಲಗೆಯ ಪುಟ್ಟ ಕಂಪ್ಯೂಟರುಗಳು.

ಆದರೆ ಒಂದು ತೊಡಕುಂಟು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಬೆಳಕಿಗೆ ತಂದ ಎಲೆಕ್ಟ್ರಾನಿಕ್ ತಂಬೂರಿ ಗುಂಡಿ ಒತ್ತಿದೊಡನೆ ನುಡಿಯುವ ಜಾತಿಯದು. ಕಂಪ್ಯೂಟರಾದರೋ ತನ್ನ ಸಂಸಾರವನ್ನೆಲ್ಲ ಎಬ್ಬಿಸಿಕೊಂಡು ಬಳಿಕ ಬಾಯ್ದೆರೆಯುತ್ತದೆ. ಮುಂಗಾರಿನ ಕೊಡಗಿನಲ್ಲಿ ಮರ ಬಿದ್ದು ವಿದ್ಯುತ್ತು ಹೋಗಿ ಬರುವುದು ವಾಡಿಕೆ. ಪ್ರತಿಸಲವೂ ನಿಮಿಷಗಟ್ಟಲೆ ಕಾಯಬೇಕಾದರೆ ಮಕ್ಕಳ ಚಿತ್ತ ಚದುರುತ್ತದೆ; ಪದ್ಯದಲ್ಲಿ ಯತಿಭಂಗವಾದಂತೆ ಪಾಠವೂ ಕೆಡುತ್ತದೆ.

ಹೆಚ್ಚು ಬೆಲೆಯ ಯಂತ್ರವೇ ಇದಕ್ಕೆ ಮದ್ದೆಂದು ಭಾವಿಸುವುದು ಸರಿಯಲ್ಲ. ಕಾಲವು ಎಲ್ಲಿ ವ್ಯಯವಾಗುತ್ತದೆಂಬುದನ್ನು ಮೊದಲು ಅಳೆಯಬೇಕು. ಲಿನಕ್ಸ್ ವ್ಯವಸ್ಥೆಯ ‘ಸಿಸ್ಟಮ್‌ಡಿ-ಅನಲೈಸ್’ ಎಂಬ ಆಜ್ಞೆಯು ಯಾವ ಕಾರ್ಯಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬ ಲೆಕ್ಕವನ್ನು ಒಪ್ಪಿಸುತ್ತದೆ. ಧ್ವನಿಯೊಂದೇ ಸಾಕಾದಲ್ಲಿ ಚಿತ್ರಮಯವಾದ ಪರದೆಯೇಕೆ? ಅಂತರ್ಜಾಲ ದೊರೆಯುವವರೆಗೆ ಕಾಯುವುದೇಕೆ? ಇವನ್ನು ಕೈಬಿಟ್ಟು, ಧ್ವನಿಸಾಧನ ಸಿದ್ಧವಾದ ಕೂಡಲೇ ವಾಚನದ ತಂತ್ರಾಂಶವು ತಾನಾಗಿ ಆರಂಭವಾಗುವಂತೆ ಅಳವಡಿಸಬೇಕು. ಆ ತಂತ್ರಾಂಶವೂ ಇಡೀ ಭಂಡಾರವನ್ನು ಒಮ್ಮೆಗೇ ತುಂಬಿಕೊಳ್ಳದೆ, ಮೊದಲು ಬೇಕಾದ ಪದ್ಯವನ್ನಷ್ಟೇ ತೆಗೆದುಕೊಂಡು ಉಳಿದುದನ್ನು ಅನಂತರ ತರಿಸಿಕೊಳ್ಳಬೇಕು.

ಅವಸರಕ್ಕೂ ಮಿತಿಯುಂಟು. ಕಾರ್ಡಿನ ಮೇಲೆ ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಅದರ ಕಡತಗಳು ಕೆಡಬಹುದು. ಆದ್ದರಿಂದ ಕ್ಷಣಗಳನ್ನು ಉಳಿಸುವ ಆಸೆಗೆ ಕಡತಗಳ ತಪಾಸಣೆಯನ್ನು ಕಿತ್ತುಹಾಕುವುದು ಅವಿವೇಕ. ಕಾರ್ಡನ್ನು ಓದುವುದಕ್ಕೆ ಮಾತ್ರ ತೆರೆದಿಡುವ ಏರ್ಪಾಡೇ ಲೇಸು. ಶಾಲೆಯ ಗಂಟೆ ಬಾರಿಸುವುದಕ್ಕೂ ಅದೇ ಯಂತ್ರವನ್ನು ನಿಯೋಜಿಸುವುದಾದರೆ, ವೇಳೆಗಾಗಿ ಅಂತರ್ಜಾಲದ ಮುಖ ನೋಡದಂತೆ ಬ್ಯಾಟರಿಯ ಗಡಿಯಾರವೊಂದನ್ನು ಜೋಡಿಸತಕ್ಕದ್ದು.

ಕ್ಷೇಮೇಂದ್ರನು ಕಾವ್ಯದಲ್ಲಿ ಎತ್ತಿಹಿಡಿದ ಔಚಿತ್ಯವು ಯಂತ್ರಕ್ಕೂ ಸಲ್ಲುತ್ತದೆ: ವಹಿಸಿದ ಕಾರ್ಯಕ್ಕೆ ಬೇಡದ್ದೆಲ್ಲ ಭಾರವೇ. ಆದಕಾರಣ ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಹೊಸ ಯಂತ್ರವನ್ನು ಕೊಡುವ ಮುನ್ನ, ಇರುವುದನ್ನು ಹದಗೊಳಿಸಬಲ್ಲ ಒಬ್ಬ ಉಪಾಧ್ಯಾಯರ ತರಬೇತಿಗೆ ನೆರವಾಗಿರಿ. ಯಂತ್ರ ಹಳತಾದರೂ ಆ ವಿದ್ಯೆ ಶಾಲೆಯಲ್ಲಿ ಉಳಿಯುತ್ತದೆ.